ಅಳಿಯನ್ನ ಯಾಕ ಯಾರೂ ಕೇಳಂಗಿಲ್ಲ?

ಹ್ವಾದ ಐತವಾರ ನಮ್ಮ ತಂಗಿ ಮನ್ಯಾಗ ಮೊಮ್ಮಗನ್ನ ತೊಟ್ಟಲದಾಗ ಹಾಕಿದ್ರು. ನೀವೆಲ್ಲಾ ಬಂದಿದ್ರಿ. ಹೆಸರಿಟ್ವಿ, ಜೋಗುಳಾ ಹಾಡಿದ್ವಿ. ಹಂಚಿದ ಗುಗ್ಗರಿ ಇನ್ನೂ ಕೈಯಾಗ ಇತ್ತು, ಅಷ್ಟರಾಗ ಮಾತು ಸುರು ಆತು. “ಹೆಣ್ಣೊಂದು ಗಂಡೊಂದು ಆದುವು, ಚೊಲೋ ಆತು. ಇನ್ನ ಆಪರೇಶನ್ ಮಾಡಿಸಿಬಿಡ್ರಿ.” ಒಬ್ಬರು “ತವರಮನ್ಯಾಗ ಇದ್ದಾಗನ ಮಾಡಿಸಿದ್ರ ಬಾಣಂತನದಾಗ ಮುಗದ ಹೋಗತೈತಿ” ಅಂದ್ರಿ. ಇನ್ನೊಬ್ಬರು ಯಾವ ತಿಂಗಳು, ಯಾವ ದವಾಖಾನಿ ಅನ್ನೂದನ್ನೂ ನಿಕ್ಕಿ ಮಾಡಿದ್ರಿ. ಆ ಹುಡುಗಿಗೆ ಈಗ 23 ವರ್ಷ. ಕೂಸಿಗೆ ಹಾಲು ಕುಡಸ್ಕೋತ, ನೆಲಾ ನೋಡ್ಕೋತ ಕುಂತಿದ್ಲು. ಆಕೀನ್ನ ಯಾರೂ ಕೇಳ್ಲಿಲ್ಲ.

ನಾ ಅಂದೆ: “ಅಳಿಯನ್ನೂ ಒಂದ ಮಾತು ಕೇಳ್ರಿ. ಗಂಡಸ್ರಿಗೂ ಆಪರೇಶನ್ ಐತೆಲ್ಲ?” ಎಲ್ಲಾರೂ ನಕ್ಕ್ರಿ. ಅಳಿಯ ಹೊರಗ ಪಂಗತಿಗೆ ಬಡಸಾಕತ್ತಿದ್ದ. ಅವನ ಕಿವಿಗೆ ಬಿದ್ದೀತು ಅಂತ ನನ್ನ ಬಾಯಿ ಮುಚ್ಚಿಸಿದ್ರಿ. ಅವತ್ತ ಸುಮ್ನಾದೆ. ಇವತ್ತ ಬರದ ಹೇಳ್ತೇನಿ.

ಆಪರೇಶನ್ ಕೆಟ್ಟದ್ದು ಅಂತ ನಾ ಹೇಳಂಗಿಲ್ಲ. ನಮ್ಮ ಆಯಿ ಒಂಬತ್ತು ಹಡದ್ಲು, ನಾಕು ಮಣ್ಣಿಗೆ ಕೊಟ್ಲು. ಆಕಿಗೆ ಈ ಅನುಕೂಲ ಸಿಕ್ಕಿದ್ರ ದೇವರು ಬಂದಂಗ ಆಗ್ತಿತ್ತು. ನಮ್ಮ ಹಿರ್ಯಾರು ಇದನ್ನ ಒತ್ತಿ ಹೇಳೂದು ಅಂಥ ಸಂಕಟ ಕಣ್ಣಾರೆ ಕಂಡಿದ್ದಕ್ಕ. ನನ್ನ ತಕರಾರು ಬ್ಯಾರೆ ಐತಿ. ಯಾರ ಹೊಟ್ಟಿ ಕೊಯ್ಯೂದೈತೋ ಆಕೀನ್ನ ಬಿಟ್ಟು ಉಳದವ್ರೆಲ್ಲಾ ನಿರ್ಧಾರ ಮಾಡ್ತೀವಿ. ಕೊಯ್ಯಾಕ ನಮಗ ಆಕಿ ಹೊಟ್ಟಿ ಒಂದ ಕಾಣತೈತಿ.

ಇದು ನಮ್ಮ ಮನಿಯದಷ್ಟ ಕಥಿ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಎಷ್ಟು? ಇಡೀ ದೇಶದಾಗ ನೂರಕ್ಕ 0.3. ಅಂದ್ರ ಸಾವಿರ ಜೋಡಿಯೊಳಗ ಮೂರು ಮಂದಿ ಗಂಡಸ್ರು. ನಮ್ಮ ರಾಜ್ಯದಾಗ ಅಷ್ಟೂ ಇಲ್ಲ.

“ಗಂಡಸ್ರಿಗೆ ಶಕ್ತಿ ಹೋಗತೈತಿ, ಅವರು ದುಡಿಯೋ ಮಂದಿ” ಅಂತೀರಿ. ಗಂಡಸರಿಗೆ ಮಾಡುವ ಎನ್.ಎಸ್.ವಿ.ಯಲ್ಲಿ ಸೂಜಿಮದ್ದು ಕೊಟ್ಟು, ಚರ್ಮಕ್ಕೆ ಸಣ್ಣ ತೂತು ಮಾಡಿ ವೀರ್ಯಾಣುವಿನ ನಾಳ ಕಟ್ಟುತ್ತಾರೆ. ಹೊಲಿಗೆ ಇಲ್ಲ. ಅವತ್ತ ಮನಿಗೆ ಬರಬಹುದು. ಮುಂದ ಮೂರು ತಿಂಗಳು ನಿರೋಧ್ ಬಳಸಿ, ಒಮ್ಮೆ ಪರೀಕ್ಷೆ ಮಾಡಿಸಿದ್ರ ಮುಗೀತು. ಗಂಡಸ್ತನಕ್ಕ ಏನೂ ಆಗಂಗಿಲ್ಲ. ಹೆಂಗಸ್ರಿಗಾದ್ರ ಹೊಟ್ಟಿ ಒಳಗನ ಕೈಹಾಕಬೇಕು. ನನಗ ಮಾಡಿಸಿದಾಗ 24 ವರ್ಷ. ಹದಿನೈದನೇ ದಿನಕ್ಕ ಕೊಡಾ ಹೊತ್ತು ನೀರು ತಂದೆ. ಹಂಗಾದ್ರ ದುಡಿಯವ್ರು ಯಾರ್ರೀ?

ಈ ಅಂಜಿಕಿಗೂ ಒಂದ ಚರಿತ್ರೆ ಐತಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಶನ್ ಮಾಡಿದರು. ಎಷ್ಟೋ ಕಡೆ ಹಿಡಕೊಂಡು ಹೋಗಿ ಮಾಡಿದರು. ಅದು ಅನ್ಯಾಯನ. ಆದ್ರ ಆ ಮ್ಯಾಲ ಭಾರ ಪೂರಾ ಹೆಂಗಸರ ಮ್ಯಾಲ ಬಿತ್ತು. ಗಂಡಸ್ರಿಗೆ ಒತ್ತಾಯ ಮಾಡಿದ್ದು ತಪ್ಪಾದ್ರ, ಬಾಣಂತಿಗೆ ಮಾಡೂ ಒತ್ತಾಯ ಹೆಂಗ ಸರಿ ಆತು?

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ನಮ್ಮ ಓಣ್ಯಾಗ ಮೂರು ಹೆಣ್ಣು ಹಡದಾಕಿ ಒಬ್ಬಾಕಿ ಇದ್ದಾಳ. ಮೈಯಾಗ ರಕ್ತಿಲ್ಲ. ಆಕಿಗೆ ಯಾರಾರ “ಸಾಕ ಮಾಡವಾ, ಆಪರೇಶನ್ ಮಾಡಿಸ್ಕೋ” ಅಂದೀರೇನು? “ಈ ಸಲ ಗಂಡ ಆಗ್ಲಿ” ಅಂತ ಹರಕಿ ಹೊತ್ತೀರಿ. ಹಂಗಾದ್ರ ಹುಡುಗಿ ಆರೋಗ್ಯ ಅನ್ನೂದು ನೆಪಾ ಅಷ್ಟ. ಗಂಡು ಹುಟ್ಟಿದ ದಿನ ನಮ್ಮ ಲೆಕ್ಕ ಮುಗೀತೈತಿ.

ಮತ್ತ, ಮದುವಿಗೂ ಆಪರೇಶನ್ನಿಗೂ ನಡುವ ಏನೂ ಇಲ್ಲಾ ಅನ್ನೂಹಂಗ ನಡಕೋತೀವಿ. ಮದುವಿಯಾಗಿ ಮೂರು ತಿಂಗಳಿಗೆ “ಏನಾರ ವಿಶೇಷ?” ಗುಳಿಗಿ ತಗೊಂಡ್ರ “ಮುಂದ ಮಕ್ಕಳಾಗಂಗಿಲ್ಲ.” ಕಾಪರ್-ಟಿ ಅಂದ್ರ “ಎದಿಗೆ ಏರತೈತಿ.” ಕಾಪರ್-ಟಿ ಗರ್ಭಚೀಲದಾಗ ಇರೂದು. 380ಎ ಅನ್ನೂದು ಹತ್ತು ವರ್ಷ ನಡೀತೈತಿ, ಬ್ಯಾಡಾದಾಗ ತಗಸಬಹುದು. ಮೂರು ತಿಂಗಳಿಗೊಮ್ಮೆ ಹಾಕೂ ಅಂತರಾ ಇಂಜೆಕ್ಷನ್ ಐತಿ. ಛಾಯಾ ಗುಳಿಗಿ ಐತಿ. ಮೊದಲ ಮೂರು ತಿಂಗಳು ವಾರಕ್ಕ ಎರಡು, ಆಮ್ಯಾಲ ವಾರಕ್ಕ ಒಂದು. ಹಾಲು ಕುಡಸೋರಿಗೂ ಅದು ನಡೀತೈತಿ. ಸರ್ಕಾರಿ ದವಾಖಾನ್ಯಾಗ ಪುಕ್ಕಟ. ಯಾರಿಗೆ ಯಾವುದು ಹೊಂದತೈತಿ ಅನ್ನೂದನ್ನ ಡಾಕ್ಟರ್ ಹೇಳ್ಲಿ, ನಾವು ಗುಗ್ಗರಿ ತಿನಕೋತ ಹೇಳೂದ ಬ್ಯಾಡ.

ನಾ ಏನ ಶ್ಯಾಣ್ಯಾಕಿ ಅಂತ ಬರೀಲಿಲ್ಲ. ಹತ್ತು ವರ್ಷದ ಹಿಂದ ನಮ್ಮ ನೆಗೆಣ್ಣಿಗೆ ನಾನ ಹಿಂಗ ಅಂದಿದ್ದೆ. “ನಾವೆಲ್ಲಾ ಮಾಡಿಸ್ಕೊಂಡಿಲ್ಲೇನು?” ಅಂದಿದ್ದೆ. ಆಕಿ ಅತ್ತಿದ್ದು ನೆನಪೈತಿ. ಯಾಕ ಅತ್ಲು ಅಂತ ಅವತ್ತ ಕೇಳ್ಲಿಲ್ಲ, ನನಗ ಯಾರೂ ಕೇಳಿದ್ದಿಲ್ಲಲ್ಲ.

ನಿನ್ನಿ ರಾತ್ರಿ ಆ ಹುಡುಗಿ ಫೋನ್ ಹಚ್ಚಿದ್ಲು. “ದೊಡ್ಡವ್ವಾ, ನನಗ ಇನ್ನಾ ಎರಡ ವರ್ಷ ವಿಚಾರ ಮಾಡೂದೈತಿ. ಅವ್ವಗ ನೀನ ಹೇಳ” ಅಂದ್ಲು. ಆಪರೇಶನ್ನಿಗೆ ಆಕಿ ಒಪ್ಪಿಗಿ ಇಲ್ಲದ ನಡ್ಯಂಗಿಲ್ಲ. ಗಂಡನ ಸಹಿ ಬೇಕಂತ ಸರ್ಕಾರದ ನಿಯಮದಾಗ ಇಲ್ಲ. ಅತ್ತಿ, ಅವ್ವ, ದೊಡ್ಡವ್ವ ಇವರ ಸಹಿ ಅಂತೂ ಎಲ್ಲೂ ಕೇಳಿಲ್ಲ.

ತಂಗಿ, ಇದನ್ನ ಓದಾಕತ್ತಿದ್ರ ಕೇಳು. ಮಗಳು ಸುಮ್ನ ಕುಂತಿದ್ದು ಒಪ್ಪಿಗಿ ಅಲ್ಲ. ಆಕಿಗೆ ಎರಡ ವರ್ಷ ಕೊಡು. ಆಮ್ಯಾಲನೂ ಸಾಕ ಅನಿಸಿದ್ರ ಅಳಿಯನ್ನ ಒಳಗ ಕರದು, ಚಾ ಕೊಟ್ಟು, ಎದುರಿಗೆ ಕುಂದರಿಸಿ ಕೇಳು. ನಾಚಿಕಿ ಬಂದ್ರ ನಾ ಬಂದು ಕೇಳ್ತೇನಿ.