ಹೊಡೆದವರೂ ಹೇಳುವುದು ಆತ್ಮರಕ್ಷಣೆ

ಟಿವಿಯಲ್ಲಿ ಯಾವ ಯುದ್ಧದ ಸುದ್ದಿ ಬಂದರೂ ಎರಡೂ ಕಡೆಯವರ ಬಾಯಲ್ಲಿ ಒಂದೇ ಮಾತು: 'ನಮ್ಮದು ಆತ್ಮರಕ್ಷಣೆ'. ಮೊನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಮ್ಮಾ, ಎಲ್ಲರೂ ತಮ್ಮನ್ನ ಕಾಪಾಡ್ಕೊಳ್ಳೋಕೇ ಹೊಡೀತಿದ್ರೆ, ಮೊದಲು ಹೊಡೆದೋರು ಯಾರು?" ಪ್ರಶ್ನೆ ಸಣ್ಣದೇನಲ್ಲ. ಕಾನೂನು ಅರೆದು ಕುಡಿದವರೂ ಇದರ ಸುತ್ತ ನೂರೆಂಬತ್ತಕ್ಕೂ ಹೆಚ್ಚು ವರ್ಷದಿಂದ ಸುತ್ತುತ್ತಿದ್ದಾರೆ.

ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸಬಾರದು ಅನ್ನೋದು 1945ರ ವಿಶ್ವಸಂಸ್ಥೆ ಸನ್ನದಿನ 2ನೇ ವಿಧಿ. ವಿನಾಯಿತಿ ಇರೋದು 51ನೇ ವಿಧಿಯಲ್ಲಿ. ಸಶಸ್ತ್ರ ದಾಳಿ ನಡೆದರೆ, ಭದ್ರತಾ ಮಂಡಳಿ ಬೇಕಾದ ಕ್ರಮ ಕೈಗೊಳ್ಳುವ ತನಕ ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಪ್ರತಿ ದೇಶಕ್ಕೂ ಉಂಟು. ನೆರವಿಗೆ ಇನ್ನೊಂದು ದೇಶವೂ ಬರಬಹುದು. ಆದರೆ ಮಾಡಿದ್ದನ್ನು ತಕ್ಷಣ ಮಂಡಳಿಗೆ ತಿಳಿಸಬೇಕು. ನಮ್ಮ ಮನೆಗೆ ಕಳ್ಳ ನುಗ್ಗಿದರೂ ಇಲ್ಲಿನ ಕಾನೂನು ಹೇಳೋದು ಹೆಚ್ಚುಕಡಿಮೆ ಇದನ್ನೇ: ಕಾಪಾಡಿಕೊಳ್ಳಿ, ಅಗತ್ಯಕ್ಕಿಂತ ಹೆಚ್ಚು ಹೊಡೀಬೇಡಿ. ವ್ಯತ್ಯಾಸ ಏನಂದ್ರೆ, ಜಗತ್ತಿನ ಠಾಣೆಯಲ್ಲಿ ಐವರು ಇನ್ಸ್‌ಪೆಕ್ಟರುಗಳು. ಅವರಲ್ಲಿ ಯಾರೊಬ್ಬರು ಬೇಡ ಅಂದರೂ ಜೀಪು ಹೊರಡೋದಿಲ್ಲ!

ಎಷ್ಟು ಹೊಡೆದರೆ ಹೆಚ್ಚು ಅನ್ನೋ ಅಳತೆಗೋಲು ಸನ್ನದಿನಲ್ಲಿಲ್ಲ. ಅದು ಬಂದದ್ದು ಒಂದು ಪುಟ್ಟ ಹಡಗಿನಿಂದ. 1837ರಲ್ಲಿ ಕೆನಡಾದಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತ್ತು. ಸೋತ ಬಂಡುಕೋರರು ನಯಾಗರಾ ನದಿಯ ನೇವಿ ದ್ವೀಪದಲ್ಲಿ ಬೀಡುಬಿಟ್ಟರು. ಅಮೆರಿಕದ ದಡದಿಂದ ಅವರಿಗೆ ಜನ, ಸಾಮಾನು ಸಾಗಿಸುತ್ತಿದ್ದದ್ದು 'ಕ್ಯಾರೊಲಿನ್' ಎಂಬ ಉಗಿಹಡಗು. ಡಿಸೆಂಬರ್ 29ರ ರಾತ್ರಿ ಬ್ರಿಟಿಷ್ ಕಡೆಯವರು ದೋಣಿಯಲ್ಲಿ ನದಿ ದಾಟಿ, ಅಮೆರಿಕದ ದಡದಲ್ಲಿ ಕಟ್ಟಿಹಾಕಿದ್ದ ಆ ಹಡಗಿಗೆ ನುಗ್ಗಿದರು. ಒಳಗಿದ್ದವರನ್ನು ಓಡಿಸಿ, ಬೆಂಕಿಯಿಟ್ಟು, ಜಲಪಾತದ ಕಡೆ ಹರಿಯಬಿಟ್ಟರು. ಒಬ್ಬ ಅಮೆರಿಕನ್ ಸತ್ತ. ಬ್ರಿಟನ್ ಹೇಳಿದ್ದು ಅದೇ, ಆತ್ಮರಕ್ಷಣೆ.

1841ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಡೇನಿಯಲ್ ವೆಬ್‌ಸ್ಟರ್ ಬ್ರಿಟನ್ನಿನ ರಾಯಭಾರಿಗೆ ಪತ್ರ ಬರೆದ. ಅಪಾಯ ಆ ಕ್ಷಣದ್ದೇ ಆಗಿತ್ತು, ಬೇರೆ ದಾರಿ ಇರಲಿಲ್ಲ, ಯೋಚಿಸೋಕೂ ಸಮಯವಿರಲಿಲ್ಲ ಅಂತ ತೋರಿಸಿ ನೋಡೋಣ ಎಂದ. ಹಡಗಿನಲ್ಲಿದ್ದವರಿಗೆ ಎಚ್ಚರಿಕೆ ಕೊಡೋಕಾಗಲಿಲ್ಲ, ಬೆಳಗಾಗೋವರೆಗೆ ಕಾಯೋಕಾಗಲಿಲ್ಲ ಅನ್ನೋದನ್ನೂ ತೋರಿಸಿ ಅಂದ. ಮರುವರ್ಷ ಬ್ರಿಟನ್ನಿನ ಲಾರ್ಡ್ ಆಶ್‌ಬರ್ಟನ್ ತಮ್ಮವರ ಕೃತ್ಯವನ್ನು ಸಮರ್ಥಿಸಿದನಾದರೂ, ಆಗಲೇ ವಿವರಣೆ ಕೊಟ್ಟು ಕ್ಷಮೆ ಕೇಳದೇ ಇದ್ದದ್ದಕ್ಕೆ ವಿಷಾದಿಸಿದ. ನನಗೆ ಇಷ್ಟವಾಗೋದು ವೆಬ್‌ಸ್ಟರನ ಲೆಕ್ಕ. ಸಾಬೀತು ಮಾಡುವ ಹೊಣೆ ಹೊಡೆದವನದು, ಹೊಡೆಸಿಕೊಂಡವನದಲ್ಲ.

ಈ ಕೋಲಿನಿಂದ ಅಳೆದರೆ 'ನಾಳೆ ಹೊಡೀತಾನೆ, ಅದಕ್ಕೇ ಇವತ್ತೇ ಹೊಡೆದೆ' ಅನ್ನೋ ವಾದ ನಿಲ್ಲೋದು ಕಷ್ಟ. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಬಾಗ್ದಾದ್ ಹತ್ತಿರದ ಒಸಿರಾಕ್ ಅಣುಸ್ಥಾವರವನ್ನು ಕೆಡವಿದವು. ಇರಾಕ್ ಮುಂದೆ ಅಣುಬಾಂಬು ಮಾಡುತ್ತೆ ಅನ್ನೋದು ಕಾರಣ. ಭದ್ರತಾ ಮಂಡಳಿ ಒಮ್ಮತದಿಂದ ಖಂಡಿಸಿತು, ಅಮೆರಿಕವೂ ಸೇರಿ.

ಅದೇ ಅಮೆರಿಕ ಮೂರು ವರ್ಷದಲ್ಲಿ ಕಟಕಟೆ ಏರಿತು. ನಿಕರಾಗುವಾದ ಬಂದರುಗಳಲ್ಲಿ ಮೈನ್ ಇಟ್ಟದ್ದು, ಅಲ್ಲಿನ 'ಕಾಂಟ್ರಾ' ಬಂಡುಕೋರರಿಗೆ ನೆರವು ಕೊಟ್ಟದ್ದು ಆರೋಪ. ನೆರೆಯ ಎಲ್ ಸಾಲ್ವಡಾರನ್ನು ರಕ್ಷಿಸೋಕೆ ಹಾಗೆ ಮಾಡಿದೆವು ಅನ್ನೋದು ಸಮರ್ಥನೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರ ಜೂನ್ 27ರಂದು 12-3 ಮತಗಳಿಂದ ಅದನ್ನು ತಳ್ಳಿಹಾಕಿತು. ಆಗ ಅಧ್ಯಕ್ಷರಾಗಿದ್ದವರು ನಮ್ಮವರೇ, ರಾಜಸ್ಥಾನದ ನಗೇಂದ್ರ ಸಿಂಗ್. ಬಂಡುಕೋರರಿಗೆ ಆಯುಧ ಕೊಟ್ಟ ಮಾತ್ರಕ್ಕೆ ಅದು ಸಶಸ್ತ್ರ ದಾಳಿ ಆಗೋದಿಲ್ಲ ಎಂದಿತು ಕೋರ್ಟು. ದಾಳಿಗೆ ಒಳಗಾದ ದೇಶ ತಾನೇ ಹಾಗೆಂದು ಘೋಷಿಸಿ ನೆರವು ಕೇಳಿರಬೇಕು. ಅಮೆರಿಕ ಮಂಡಳಿಗೆ ವರದಿ ಮಾಡದಿದ್ದದ್ದನ್ನೂ ಕೋರ್ಟು ಗಮನಿಸಿತು. ತೀರ್ಪು ಪಾಲಿಸಿ ಅಂತ ಮಂಡಳಿಯಲ್ಲಿ ಬಂದ ಠರಾವಿಗೆ ಅಮೆರಿಕ ವೀಟೋ ಹಾಕಿತು. 1991ರಲ್ಲಿ, ಪರಿಹಾರದ ಹಣ ಕೈಗೆ ಬರುವ ಮೊದಲೇ, ನಿಕರಾಗುವಾದ ಹೊಸ ಸರ್ಕಾರವೇ ಕೇಸು ವಾಪಸ್ ತಗೊಂಡಿತು.

ಪತ್ರ ಬರೆಯುವ ಪದ್ಧತಿ ಮಾತ್ರ ನಿಂತಿಲ್ಲ. 2022ರ ಫೆಬ್ರವರಿ 24ರಂದು ಉಕ್ರೇನಿಗೆ ನುಗ್ಗಿದ ರಷ್ಯಾ ಕೂಡ ಅದೇ ದಿನ 51ನೇ ವಿಧಿಯ ಹೆಸರಲ್ಲಿ ಮಂಡಳಿಗೆ ಪತ್ರ ಕಳಿಸಿತು. ಮಂಡಳಿಯಲ್ಲಿ ಬಂದ ಖಂಡನೆಗೆ ತನ್ನದೇ ವೀಟೋ. ವಿಷಯ ಮಹಾಸಭೆಗೆ ಹೋಯಿತು. ಮಾರ್ಚ್ 2ರಂದು 141 ದೇಶಗಳು ಆ ದಾಳಿಯನ್ನು ಆಕ್ರಮಣ ಎಂದೇ ಕರೆದು ಮತ ಹಾಕಿದವು. ಭಾರತ ಯಾವ ಕಡೆಗೂ ಮತ ಹಾಕಲಿಲ್ಲ.