ಬಾಟ್ ಹೇಳಿದ ಕೊನೆಯ ದಿನ ಯಾವ ಊರಿನ ಗಡಿಯಾರದ್ದು?

ಬೆಳೆ ವಿಮೆ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ ಯಾವುದೇ ಇರಲಿ, ಕೊನೆಯ ದಿನಾಂಕವನ್ನು ಈಗ ನಮ್ಮೂರುಗಳಿಗೆ ಮೊದಲು ತಿಳಿಸುವುದು ನೋಟಿಸ್ ಬೋರ್ಡ್ ಅಲ್ಲ, ಮೊಬೈಲು. ವಾಟ್ಸಾಪಿನಲ್ಲಿ ‘ಹಾಯ್’ ಎಂದರೆ ಚಾಟ್‌ಬಾಟ್ ಉತ್ತರ ಕೊಡುತ್ತದೆ. ಅನುಕೂಲ ನಿಜ. ಆದರೆ ಅದು ಹೇಳುವ ವೇಳೆ ಯಾವ ದೇಶದ್ದು ಎಂದು ಬರೆಯದಿದ್ದರೆ ಅರ್ಜಿಯೇ ಕೈತಪ್ಪಬಹುದು.

ಲೆಕ್ಕ ನೋಡಿ. ಸಾಮಾನ್ಯವಾಗಿ ಸರ್ವರ್‌ಗಳು ವೇಳೆಯನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಇಟ್ಟುಕೊಳ್ಳುತ್ತವೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಜುಲೈ 31ರ ರಾತ್ರಿ 11:59 ಆದಾಗ ಯುಟಿಸಿಯಲ್ಲಿ ಸಂಜೆ 6:29. ಬಾಟ್ ಇದನ್ನು ಬದಲಿಸದೆ ಹಾಗೇ ತೋರಿಸಿದರೆ, ಏಳಕ್ಕೆ ಹೊಲದಿಂದ ಬಂದ ರೈತ ‘ಮುಗಿದೇಹೋಯ್ತು’ ಎಂದು ಕೈಬಿಡುತ್ತಾನೆ. ನಿಜಕ್ಕೂ ಇನ್ನೂ ಐದು ಗಂಟೆ ಬಾಕಿ ಇರುತ್ತದೆ.

ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪ, ಅಮ್ಮನ ಅರ್ಜಿ ತುಂಬುವುದು ಗಲ್ಫಿನಲ್ಲಿರುವ ಮಕ್ಕಳು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿನ ಮಗ 11:59ನ್ನು ತನ್ನ ಗಡಿಯಾರದ್ದೆಂದು ತಿಳಿದರೆ, ಅವನಿಗೆ 10:30 ಆಗುವಷ್ಟರಲ್ಲಿ ಇಲ್ಲಿ ಬಾಗಿಲು ಮುಚ್ಚಿರುತ್ತದೆ. ಇನ್ನು 03/04 ಎಂದು ಬರೆದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಫಾರ್ವರ್ಡ್ ಬೇರೆ ಇದೆ. ‘ಇನ್ನು 6 ಗಂಟೆ ಮಾತ್ರ’, ‘ನಾಳೆ ಕೊನೆಯ ದಿನ’ ಎಂಬ ಸಂದೇಶ ಹತ್ತು ಗ್ರೂಪು ದಾಟಿ ಮೂರು ದಿನದ ಮೇಲೆ ನಮ್ಮ ಕೈ ಸೇರುತ್ತದೆ. ಆ ‘ನಾಳೆ’ ಯಾವ ನಾಳೆ?

ಇದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ. ಡಿಸ್ಕಾರ್ಡ್‌ನಂಥ ಆ್ಯಪ್‌ನಲ್ಲಿ ಒಂದೇ ಸಂದೇಶದ ವೇಳೆ ಓದುವವರ ಊರಿನ ಗಡಿಯಾರಕ್ಕೆ ತಕ್ಕಂತೆ ತಾನೇ ಬದಲಾಗಿ ಕಾಣುತ್ತದೆ. ಅಷ್ಟು ಸೌಲಭ್ಯ ಇಲ್ಲದ ಕಡೆಯೂ ಬಾಟ್ ಹೀಗೆ ಬರೆದರೆ ಸಾಕು: ‘ಜುಲೈ 31, ಗುರುವಾರ, ರಾತ್ರಿ 11:59, ಭಾರತೀಯ ಕಾಲಮಾನ’. ತಿಂಗಳು ಅಕ್ಷರದಲ್ಲಿರಲಿ, ವಾರ ಇರಲಿ. ‘ರಾತ್ರಿ 12’ ಎನ್ನುವುದೇ ಬೇಡ. ಅದು 31ರದ್ದೋ 1ರದ್ದೋ ಯಾರಿಗೂ ತಿಳಿಯದು. ಹೊರದೇಶದವರು ಕೇಳಿದರೆ ಎರಡೂ ವೇಳೆ ತೋರಿಸಲಿ. ಇಲಾಖೆಗಳು ಬಾಟ್ ಮಾಡಿಸುವಾಗಲೇ ಇದನ್ನು ಷರತ್ತಾಗಿ ಹಾಕಬೇಕು ಎಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನೀವು ಮಾಡಬೇಕಾದ್ದು ಇಷ್ಟೇ. ದಿನಾಂಕ, ವೇಳೆ, ದೇಶ ಮೂರೂ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಸರ್ವರ್ ರಾತ್ರಿ 11:59ರ ತನಕ ತೆರೆದಿದ್ದರೂ ಗ್ರಾಮ ಒನ್ ಕೇಂದ್ರ ಅಷ್ಟು ಹೊತ್ತು ತೆರೆದಿರುವುದಿಲ್ಲ. ಆದ್ದರಿಂದ ಎರಡು ದಿನ ಮೊದಲೇ ಹೋಗಿ ಬನ್ನಿ.