ಹರಾಜಿನ ದಿನ ಮಾತ್ರ ನೆನಪಾಗುವ ಕನ್ನಡಿಗ

ಐಪಿಎಲ್ ಹರಾಜು ಬಂತೆಂದರೆ ನಮ್ಮ ಊರುಗಳಲ್ಲಿ ಒಂದು ಜಗಳ ಶುರುವಾಗುತ್ತದೆ. ಹೋಟೆಲ್ ಬೆಂಚಿನ ಮೇಲೆ, ಕಟಿಂಗ್ ಶಾಪಿನಲ್ಲಿ, ಹಾಲಿನ ಡೇರಿ ಮುಂದೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದೇ ಮಾತು: "ಆರ್‌ಸಿಬಿಯವರು ಕನ್ನಡಿಗರನ್ನ ಯಾಕೆ ತಗೊಳ್ಳಲ್ಲ?" ಇನ್ನೊಂದು ಕಡೆಯವರ ಉತ್ತರವೂ ಸಿದ್ಧವಾಗಿರುತ್ತದೆ: "ಇದು ಬಿಸಿನೆಸ್ ಮಾರಾಯ, ಭಾಷೆ ಗೀಷೆ ನೋಡ್ತಾ ಕೂತ್ರೆ ಕಪ್ ಬರುತ್ತಾ?"

ಎರಡು ದಿನ ಬಿಸಿ ಬಿಸಿ ಚರ್ಚೆ. ಮೂರನೇ ದಿನ ಎಲ್ಲ ತಣ್ಣಗೆ. ಮತ್ತೆ ಮುಂದಿನ ಹರಾಜಿಗೆ ಅದೇ ಮಾತು, ಅದೇ ಜಗಳ.

ನಾವು ಹೇಳುವುದಿಷ್ಟು. ಈ ಎರಡೂ ಕಡೆಯವರು ಬಿತ್ತನೆ ಹೊತ್ತಿನಲ್ಲಿ ಸುಮ್ಮನಿದ್ದು, ಕುಯ್ಲಿನ ದಿನ ಕಣದಲ್ಲಿ ಜಗಳಕ್ಕೆ ನಿಂತವರ ಹಾಗೆ. ಹರಾಜಿನ ಮೇಜಿನ ಮೇಲೆ ಏನು ನಡೆಯುತ್ತದೋ ಅದು ಹತ್ತು ವರ್ಷದ ಹಿಂದೆ ಯಾವುದೋ ತಾಲೂಕಿನ ಮೈದಾನದಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಆ ಮೈದಾನದ ಬಗ್ಗೆ ಮಾತ್ರ ಯಾರೂ ಸ್ಟೇಟಸ್ ಹಾಕುವುದಿಲ್ಲ.

ಮೊದಲು ಹರಾಜಿನ ಲೆಕ್ಕ ನೋಡೋಣ. 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ದೊಡ್ಡ ಹರಾಜು ನಡೆಯಿತು. ಒಂದು ತಂಡಕ್ಕೆ ಒಟ್ಟು 120 ಕೋಟಿ ರೂಪಾಯಿಯ ಮಿತಿ. 18ರಿಂದ 25 ಆಟಗಾರರು ಇರಬೇಕು, ಅದರಲ್ಲಿ ವಿದೇಶಿಯರು 8ಕ್ಕಿಂತ ಹೆಚ್ಚಿರಬಾರದು. ಆರ್‌ಸಿಬಿ ವಿರಾಟ್ ಕೊಹ್ಲಿ, ರಜತ್ ಪಾಟಿದಾರ್, ಯಶ್ ದಯಾಳ್ ಮೂವರನ್ನು 37 ಕೋಟಿಗೆ ಉಳಿಸಿಕೊಂಡು, 83 ಕೋಟಿ ಹಿಡಿದುಕೊಂಡು ಸಂತೆಗೆ ಹೋಯಿತು.

ಅಲ್ಲಿ ಕೆ.ಎಲ್. ರಾಹುಲ್ ಹೆಸರು ಬಂತು. ಆರ್‌ಸಿಬಿ ಸ್ವಲ್ಪ ಹೊತ್ತು ಕೂಗಿತು, ನಡುವೆ ಕೈಬಿಟ್ಟಿತು. 14 ಕೋಟಿಗೆ ಡೆಲ್ಲಿ ಒಯ್ದಿತು. ಏಳು ವರ್ಷ ಈ ತಂಡಕ್ಕೆ ಬೌಲಿಂಗ್ ಮಾಡಿದ ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋದರು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ 9.5 ಕೋಟಿಗೆ ಅದೇ ಗುಜರಾತ್ ಸೇರಿದರು. ಆ ರಾತ್ರಿ ನಮ್ಮ ಗ್ರೂಪುಗಳಲ್ಲಿ ಎಂಥ ಬೈಗುಳ! ತಲೆ ಇಲ್ಲದ ತಂಡ, ಕನ್ನಡ ದ್ರೋಹಿ ತಂಡ, ಇನ್ನು ಈ ಜನ್ಮದಲ್ಲಿ ಕಪ್ ಇಲ್ಲ ಎಂದೆಲ್ಲ.

2025ರ ಏಪ್ರಿಲ್‌ನಲ್ಲಿ ಬೈದವರ ಮಾತೇ ನಿಜವೆನಿಸಿತು. ಚಿನ್ನಸ್ವಾಮಿಗೆ ಬಂದ ಸಿರಾಜ್ 19 ರನ್ ಕೊಟ್ಟು 3 ವಿಕೆಟ್ ಕಿತ್ತರು. ಎಂಟು ದಿನ ಕಳೆದು ರಾಹುಲ್ ಅಲ್ಲೇ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ನೆಲ ಎಂದು ತೋರಿಸಿದರು. ಕಾಂತಾರ ನೋಡಿದವರಿಗೆಲ್ಲ ರೋಮಾಂಚನ.

ಆಮೇಲೆ? ಆರ್‌ಸಿಬಿ ಎದುರಾಳಿಗಳ ತವರಿನಲ್ಲಿ ಆಡಿದ ಏಳೂ ಲೀಗ್ ಪಂದ್ಯ ಗೆದ್ದಿತು. ಆ ದುಡ್ಡಿನಲ್ಲಿ ತಂದ ಹೇಜಲ್‌ವುಡ್ 22 ವಿಕೆಟ್ ತೆಗೆದರು. ಜಿತೇಶ್ ಶರ್ಮಾ ಲಖನೌದಲ್ಲಿ 33 ಚೆಂಡಿಗೆ 85 ಹೊಡೆದರು. 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ, 18ನೇ ವರ್ಷಕ್ಕೆ ಕಪ್ ಎತ್ತಿದರು. ನವೆಂಬರ್‌ನಲ್ಲಿ ಬೈದ ಬಾಯಿಗಳೇ ಜೂನ್‌ನಲ್ಲಿ ಪಟಾಕಿ ಹಚ್ಚಿದವು.

"ನೋಡಿ, ಬಿಸಿನೆಸ್ ಅಂದಿದ್ದು ಸರಿಯಾಯ್ತಲ್ಲ" ಎನ್ನುವವರು ಸ್ವಲ್ಪ ತಡೆಯಿರಿ. ಕಪ್ ಗೆದ್ದ ಮಾತ್ರಕ್ಕೆ ಅಭಿಮಾನಿಯ ಪ್ರಶ್ನೆ ಸುಳ್ಳಾಗುವುದಿಲ್ಲ. ಈ ಕಂಪನಿ ಮಾರುತ್ತಿರುವುದು ಬರೀ ಆಟವನ್ನಲ್ಲ, ಬೆಂಗಳೂರಿನ ಹೆಸರನ್ನೂ ಮಾರುತ್ತಿದೆ. ಕನ್ನಡದ ಹಾಡು, ಕನ್ನಡದ ನಟರು, ಕನ್ನಡದ ಘೋಷಣೆ ಎಲ್ಲ ಅದರ ಜಾಹೀರಾತಿನ ಸರಕು. 2008ರಿಂದ 'ಬ್ಯಾಂಗಲೋರ್' ಎಂದಿದ್ದ ಹೆಸರು 2024ರ ಮಾರ್ಚ್‌ನಲ್ಲಿ 'ಬೆಂಗಳೂರು' ಆಯಿತು. ವರ್ಷಗಟ್ಟಲೆ ಜನ ಕೇಳಿದ್ದಕ್ಕೆ ಆಯಿತು. ಹೆಸರಿಗೆ ನಾವು ಬೇಕು, ಟಿಕೆಟ್ಟಿಗೆ ನಾವು ಬೇಕು, ಟೀ ಶರ್ಟಿಗೆ ನಾವು ಬೇಕು, ಪ್ರಶ್ನೆ ಕೇಳಿದರೆ ಮಾತ್ರ ಬಿಸಿನೆಸ್ಸಾ? ಊರ ಹೆಸರಿನಲ್ಲಿ ಅಂಗಡಿ ಇಟ್ಟವನನ್ನು ಊರವರು ಕೇಳಿಯೇ ಕೇಳುತ್ತಾರೆ.

ಹಾಗಾದರೆ ಕನ್ನಡಿಗರನ್ನೇ ತುಂಬಿಸಿದರೆ ಆಯಿತೇ? ಅದನ್ನೂ ನೋಡಿಯಾಗಿದೆ. 2008ರ ಮೊದಲ ತಂಡದಲ್ಲಿ ದ್ರಾವಿಡ್ ನಾಯಕ. ಅನಿಲ್ ಕುಂಬ್ಳೆ, ವಿನಯ್ ಕುಮಾರ್, ಸುನಿಲ್ ಜೋಶಿ, ಅರುಣ್ ಕುಮಾರ್, ಅಖಿಲ್ ಎಲ್ಲ ಇದ್ದರು. ಮೊದಲ ಪಂದ್ಯದಲ್ಲೇ ಕೋಲ್ಕತ್ತದ ಮೆಕಲಮ್ 158 ಹೊಡೆದರು, ನಮ್ಮವರು 82ಕ್ಕೆ ಆಲೌಟ್. ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಅವರು ಕೆಟ್ಟ ಆಟಗಾರರೆಂದಲ್ಲ, ಅಂಥ ದಿಗ್ಗಜರು ಮತ್ತೆ ಸಿಗುವುದು ಕಷ್ಟ. ಇಪ್ಪತ್ತು ಓವರಿನ ತಂಡ ಕಟ್ಟುವುದು ಮನೆ ಕಟ್ಟಿದ ಹಾಗೆ. ಎಲ್ಲ ತೇಗದ ಮರವೇ ಇದ್ದರೆ ಗೋಡೆ ಏಳುವುದಿಲ್ಲ. ಕಲ್ಲು, ಮರಳು, ಸಿಮೆಂಟು ಎಲ್ಲ ಬೇಕು.

ಇನ್ನು ಹರಾಜಿನ ಬೆಲೆಯನ್ನೇ ಪ್ರೀತಿಯ ಅಳತೆ ಎಂದು ತಿಳಿದವರು ದೇವದತ್ತ ಪಡಿಕ್ಕಲ್ ಅವರ ಕಥೆ ನೋಡಲಿ. ಕರ್ನಾಟಕಕ್ಕೆ ಆಡುವ ಈ ಹುಡುಗ ಆರ್‌ಸಿಬಿಯಲ್ಲಿ 20 ಲಕ್ಷದ ಆಟಗಾರನಾಗಿದ್ದಾಗ 2020ರಲ್ಲಿ 473 ರನ್ ಹೊಡೆದರು. 2022ರಲ್ಲಿ ರಾಜಸ್ಥಾನ 7.75 ಕೋಟಿ ಕೊಟ್ಟು ಕೊಂಡಿತು. ಆಮೇಲೆ ಆವೇಶ್ ಖಾನ್‌ಗೆ ಬದಲಾಗಿ ಲಖನೌಗೆ ಅದಲುಬದಲು ಮಾಡಿತು. ಜೆಡ್ಡಾದಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೈ ಎತ್ತಲಿಲ್ಲ, ಕೊನೆಗೆ ಆರ್‌ಸಿಬಿ 2 ಕೋಟಿಗೆ ತಗೊಂಡಿತು. ಅದೇ ಹುಡುಗ, ಅದೇ ಎಡಗೈ, ಅದೇ ಕವರ್ ಡ್ರೈವ್. ಬೆಲೆ ಮಾತ್ರ ಟೊಮೆಟೊ ದರದ ಹಾಗೆ ಏರಿ ಇಳಿಯಿತು. ಟೊಮೆಟೊ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ದರ ಬಿದ್ದರೆ ಹಣ್ಣು ಕೆಟ್ಟಿತೆಂದು ಅರ್ಥವಲ್ಲ.

ಈಗ ನಮ್ಮ ಅಭಿಮಾನಿಗಳಿಗೇ ಒಂದು ಮಾತು ಕೇಳಬೇಕು. ಕನ್ನಡಿಗ ಕನ್ನಡಿಗ ಎನ್ನುತ್ತೀರಲ್ಲ, ಯಾವ ಕನ್ನಡಿಗ?

ಅದೇ ಜೆಡ್ಡಾ ಹರಾಜಿನಲ್ಲಿ ರಾಯಚೂರಿನ ಮನೋಜ್ ಭಾಂಡಗೆ ಅವರನ್ನು ಆರ್‌ಸಿಬಿ 30 ಲಕ್ಷಕ್ಕೆ ತಗೊಂಡಿತು. ಬಿಸಿಲ ನಾಡಿನಿಂದ ಹೋದ ಹುಡುಗ, ಬೌಲಿಂಗ್ ಮಾಡುತ್ತಾರೆ, ಸಿಕ್ಸರ್ ಹೊಡೆಯುತ್ತಾರೆ. ರಾಹುಲ್‌ಗಾಗಿ ಅತ್ತವರಲ್ಲಿ ಎಷ್ಟು ಜನ ಈ ಹೆಸರಿನ ಸ್ಟೇಟಸ್ ಹಾಕಿದಿರಿ?

ಇನ್ನೂ ಮುಖ್ಯವಾದದ್ದು. ಆರ್‌ಸಿಬಿಗೆ ಮೊದಲ ಕಪ್ ಬಂದಿದ್ದು 2025ರಲ್ಲಲ್ಲ, 2024ರ ಮಾರ್ಚ್‌ನಲ್ಲಿ. ತಂದವರು ಹೆಣ್ಣುಮಕ್ಕಳು. ಆ ಫೈನಲ್‌ನಲ್ಲಿ 12 ರನ್ ಕೊಟ್ಟು 4 ವಿಕೆಟ್ ತೆಗೆದವರು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್. ಆ ವರ್ಷದ ಟೂರ್ನಿಯಲ್ಲೇ ಅತಿ ಹೆಚ್ಚು ವಿಕೆಟ್ ಅವರದು. ತಂಡ ಅವರನ್ನು ಕೊಂಡಿದ್ದು 10 ಲಕ್ಷಕ್ಕೆ. ಕನ್ನಡಿಗರು ಬೇಕು ಎನ್ನುವವರಿಗೆ ಕನ್ನಡದ ಹುಡುಗಿಯೇ ಕಪ್ ತಂದುಕೊಟ್ಟ ಮೇಲೂ, "ಹದಿನೆಂಟು ವರ್ಷ ಕಪ್ಪೇ ಇರಲಿಲ್ಲ" ಎಂದೇ ಹೇಳುತ್ತೀರಿ. ಅದಕ್ಕೂ ಮೊದಲು, 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ಮಾತ್ರ ಸೆಮಿಫೈನಲ್ ಎಂಬ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70 ಹೊಡೆದರು, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ನಿಗೆ 5 ವಿಕೆಟ್ ತೆಗೆದರು. ಇಬ್ಬರೂ ಬೆಂಗಳೂರಿನವರಲ್ಲ. ನಮ್ಮ ಊರುಗಳ ಯಾವ ಬ್ಯಾನರ್ ಮೇಲೆ ಇವರ ಮುಖ ಇದೆ?

ಅಂದರೆ ನಮಗೆ ಬೇಕಾಗಿರುವುದು ಕನ್ನಡಿಗ ಅಲ್ಲ, ಈಗಾಗಲೇ ದೊಡ್ಡವನಾದ ಕನ್ನಡಿಗ. ಬೆಳೆದು ನಿಂತ ಮರದ ನೆರಳಿಗೆ ಎಲ್ಲರೂ ಬರುತ್ತಾರೆ. ಸಸಿಗೆ ನೀರು ಹಾಕುವವರು ಕಡಿಮೆ.

ಸಸಿಯ ಪಾಡು ಹೇಗಿದೆ ಎಂದು ಹಳ್ಳಿಯಲ್ಲಿರುವ ನಮಗೆ ಗೊತ್ತು. ನಮ್ಮ ಹುಡುಗರು ಆಡುವುದು ಟೆನಿಸ್ ಬಾಲಿನಲ್ಲಿ. ಕುಯ್ಲಾದ ಗದ್ದೆ, ಒಣಗಿದ ಕೆರೆ ಅಂಗಳ, ಶಾಲೆಯ ಮುಂದಿನ ಜಾಗ. ಟೂರ್ನಮೆಂಟಿನಲ್ಲಿ ಮೂವತ್ತು ಚೆಂಡಿಗೆ ಎಂಬತ್ತು ಹೊಡೆಯುವವರು ಹೋಬಳಿಗೊಬ್ಬರು ಸಿಗುತ್ತಾರೆ. ಆದರೆ ಲೆದರ್ ಬಾಲಿನ ಆಟವೇ ಬೇರೆ. ಅದು ಏಳುವ ರೀತಿ, ತಿರುಗುವ ರೀತಿ, ಬಡಿದರೆ ಆಗುವ ನೋವು ಎಲ್ಲ ಬೇರೆ. ಅದಕ್ಕೆ ಪ್ಯಾಡ್ ಬೇಕು, ಹೆಲ್ಮೆಟ್ ಬೇಕು, ಮ್ಯಾಟ್ ಹಾಸಿದ ಪಿಚ್ ಬೇಕು, ತಪ್ಪು ತಿದ್ದುವ ಕೋಚ್ ಬೇಕು. ಪಟ್ಟಣದ ಹುಡುಗ ಎಂಟು ವರ್ಷಕ್ಕೆ ಅಕಾಡೆಮಿ ಸೇರಿ, 14 ವರ್ಷದೊಳಗಿನವರ ಆಯ್ಕೆಗೆ ನಿಲ್ಲುವ ಹೊತ್ತಿಗೆ, ನಮ್ಮ ಹುಡುಗ ಲೆದರ್ ಬಾಲನ್ನು ಕೈಯಲ್ಲಿ ಹಿಡಿದಿರುವುದೂ ಇಲ್ಲ.

ರಾಜ್ಯ ಕ್ರಿಕೆಟ್ ಸಂಸ್ಥೆಗೆ ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು ಎಂದು ವಲಯಗಳಿವೆ. ಕಾಗದದಲ್ಲಿ ಬಾಗಿಲು ತೆರೆದೇ ಇದೆ. ಆದರೆ ಆಯ್ಕೆ ನಡೆಯುವುದು ವಲಯದ ದೊಡ್ಡ ಊರಿನಲ್ಲಿ, ಅದೂ ಬೆಳಿಗ್ಗೆ. ಊರಿಗೆ ಬರುವ ಮೊದಲ ಬಸ್ಸೇ ಏಳೂವರೆಗೆ ಇದ್ದರೆ, ಆ ಹುಡುಗನ ಆಯ್ಕೆ ಬಸ್ ಸ್ಟಾಪಿನಲ್ಲೇ ಮುಗಿಯಿತು. ಹುಡುಗಿಯಾದರೆ ಜೊತೆಗೆ ಹೋಗಲು ಮನೆಯಲ್ಲೊಬ್ಬರು ಕೂಲಿ ಬಿಡಬೇಕು.

ಆದರೂ ಬಂದವರಿದ್ದಾರೆ. ಸುನಿಲ್ ಜೋಶಿ ಗದಗದಿಂದ ಹುಬ್ಬಳ್ಳಿಗೆ ಬೆಳಗಿನ ರೈಲು ಹಿಡಿದು ಅಭ್ಯಾಸಕ್ಕೆ ಹೋಗಿ ಭಾರತಕ್ಕೆ ಆಡಿದರು. ದಾವಣಗೆರೆಯ ವಿನಯ್ ಕುಮಾರ್ ಆಟೊ ಓಡಿಸುತ್ತಿದ್ದವರ ಮಗ. ಅವರ ನಾಯಕತ್ವದಲ್ಲೇ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದಿತು. ಇವರನ್ನು ತೋರಿಸಿ "ಛಲ ಇದ್ದರೆ ಸಾಕು" ಎಂದು ಭಾಷಣ ಮಾಡುವವರಿದ್ದಾರೆ. ನಮಗೆ ಆ ಭಾಷಣ ಬೇಡ. ಛಲ ಇದ್ದೂ ರೈಲು ಇಲ್ಲದವರು ಏನು ಮಾಡಬೇಕು ಎಂಬುದಕ್ಕೆ ಉತ್ತರ ಬೇಕು.

ದುಡ್ಡಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. 2023ರಿಂದ 2027ರವರೆಗೆ ಐಪಿಎಲ್ ತೋರಿಸುವ ಹಕ್ಕು ಮಾರಾಟವಾಗಿದ್ದು 48,390 ಕೋಟಿ ರೂಪಾಯಿಗೆ. ಅಷ್ಟು ದುಡ್ಡು ಹುಟ್ಟಿದ್ದು ನೋಡುವ ಕಣ್ಣುಗಳಿಂದ. ನಾವು ರೀಚಾರ್ಜ್ ಮಾಡಿಸಿ, ನೆಟ್‌ವರ್ಕ್ ಹುಡುಕಿಕೊಂಡು ಮಾಳಿಗೆ ಹತ್ತಿ, ಮೊಬೈಲಿನಲ್ಲಿ ನೋಡುವುದೂ ಆ ಲೆಕ್ಕದಲ್ಲಿದೆ. ನಮ್ಮ ಕಣ್ಣಿಗೆ ಬೆಲೆ ಕಟ್ಟಿದವರು ನಮ್ಮ ಮೈದಾನಕ್ಕೆ ಒಂದು ಮ್ಯಾಟ್ ಹಾಸಲು ಯಾಕೆ ಹಿಂದೆ ಮುಂದೆ ನೋಡಬೇಕು?

ಆದ್ದರಿಂದ ಕೂಗುವುದಾದರೆ ಇದನ್ನು ಕೂಗೋಣ. ಒಂದು, ರಾಜ್ಯ ಸಂಸ್ಥೆಯ ಆಯ್ಕೆ ಶಿಬಿರಗಳು ತಾಲೂಕು ಕೇಂದ್ರಕ್ಕೆ ಬರಲಿ, ದಿನಾಂಕ ಮೊದಲೇ ಕನ್ನಡದಲ್ಲಿ ಶಾಲೆಗಳಿಗೆ ತಿಳಿಯಲಿ. ಎರಡು, ಬೆಂಗಳೂರಿನ ಹೆಸರು ಹಾಕಿಕೊಂಡ ತಂಡ ವರ್ಷಕ್ಕೊಮ್ಮೆ ಟೆನಿಸ್ ಬಾಲ್ ಹುಡುಗರನ್ನೂ ಹುಡುಗಿಯರನ್ನೂ ಜಿಲ್ಲೆ ಜಿಲ್ಲೆಯಲ್ಲಿ ನೋಡಲಿ. ಮೂರು, ನಮ್ಮ ಪಂಚಾಯ್ತಿ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಆಟದ ಮೈದಾನವನ್ನೂ ಕ್ರಿಯಾಯೋಜನೆಗೆ ಸೇರಿಸಿ ಎಂದು ಎದ್ದು ನಿಂತು ಕೇಳೋಣ. ಶಾಲಾ ಮೈದಾನ ಒತ್ತುವರಿಯಾಗಿದ್ದರೆ ಅದನ್ನು ಬಿಡಿಸಿ ಎಂದು ಅರ್ಜಿ ಕೊಡೋಣ. ಹರಾಜಿನ ದಿನ ನೂರು ಮೆಸೇಜ್ ಕಳಿಸುವ ಕೈಗೆ ಒಂದು ಅರ್ಜಿ ಬರೆಯುವುದು ಭಾರವಲ್ಲ. ಕೇಳಿದರೆ ಆಗುತ್ತದೆ ಎನ್ನುವುದಕ್ಕೆ ತಂಡದ ಹೆಸರೇ ಸಾಕ್ಷಿ.

ಇನ್ನು ಬೈಗುಳದ ಮಾತು. 2023ರ ಮೇ ತಿಂಗಳಲ್ಲಿ ಚಿನ್ನಸ್ವಾಮಿಯಲ್ಲಿ ಶುಭಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಹೊರಹಾಕಿದ್ದಕ್ಕೆ ಅವರ ಮನೆಯವರನ್ನು ಕೀಳಾಗಿ ಬೈದ ಮೆಸೇಜುಗಳು ದೇಶವೆಲ್ಲ ಸುದ್ದಿಯಾದವು. ನಮ್ಮ ಬೌಲರ್ ಹಾಕಿದ ಚೆಂಡಿಗೆ ಅವರ ಮನೆಯವರೇನು ಮಾಡಿಯಾರು? ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಎಂದು ಗಂಟೆಗಟ್ಟಲೆ ವಾದ ಮಾಡಿ, ಅದು ಆಟದ ಸೊಗಸು. ರನ್ ಹೇಳಿ, ವಿಕೆಟ್ ಹೇಳಿ, ಪಿಚ್ಚಿನ ಗುಣ ಹೇಳಿ. ಆಟಗಾರರ ಅಕ್ಕ ತಂಗಿಯರ ಹೆಸರು ಬಾಯಿಗೆ ಬಂದ ಕೂಡಲೇ ಅದು ವಾದವಲ್ಲ, ಪುಂಡಾಟ.

ಅಭಿಮಾನಕ್ಕೆ ಎಷ್ಟು ಬೆಲೆ ತೆರಬೇಕು ಎಂಬುದನ್ನೂ ನೋಡಿಬಿಟ್ಟೆವು. ಕಪ್ ಬಂದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು, ಬೆಂಗಳೂರಿನಾಚೆಯ ಜಿಲ್ಲೆಗಳ ಮೂಲದವರೂ ಇದ್ದರು. ತಂಡಕ್ಕಾಗಿ ಇಷ್ಟು ಕೊಡುವ ಜನಕ್ಕೆ ತಂಡ ಏನು ಕೊಟ್ಟಿತು, ಸಂಸ್ಥೆ ಏನು ಕೊಟ್ಟಿತು ಎಂದು ಕೇಳುವ ಹಕ್ಕು ಹರಾಜಿನ ಎರಡು ದಿನಕ್ಕೆ ಮಾತ್ರ ಸೀಮಿತವಲ್ಲ. ವರ್ಷದ 365 ದಿನವೂ ಇದೆ.

ಮುಂದಿನ ಹರಾಜು ಬರುತ್ತದೆ. ಕನ್ನಡಿಗರನ್ನು ಯಾಕೆ ಕೊಳ್ಳಲಿಲ್ಲ ಎಂದು ಆಗಲೂ ಕೇಳೋಣ, ತಪ್ಪಿಲ್ಲ. ಅದಕ್ಕೆ ಮೊದಲು ಆ ಪಟ್ಟಿಯಲ್ಲಿ ನಮ್ಮ ಹೋಬಳಿಯ ಹೆಸರು ಒಂದಾದರೂ ಇದೆಯೇ ಎಂದು ನೋಡೋಣ. ಇಲ್ಲದಿದ್ದರೆ ಟಿವಿ ಮುಂದೆ ಕೂಗುವುದು ಬಿಟ್ಟು, ಮಾರನೇ ದಿನ ಪಂಚಾಯ್ತಿ ಆಫೀಸಿಗೆ ಹೋಗೋಣ.